ಮಂಡಿನೋವಿನ ಚಿಕಿತ್ಸೆ ನಡೆದುಬಂದ ದಾರಿ

ಮದುವೆಯ ಮನೆಯಲ್ಲಿ ಎಲೆ ಹಾಕಿ ಊಟಕ್ಕೆ ಕರೆದಾಗ, ನೆಲದ ಪಂಕ್ತಿಯನ್ನು ಬಿಟ್ಟು ಮೂಲೆಯ ಮೇಜು ಕುರ್ಚಿಗಳ ಕಡೆಗೆ ಮೆಲ್ಲನೆ ಸರಿಯುವ ಹಿರಿಯರನ್ನು ನಾವೆಲ್ಲರೂ ನೋಡಿದ್ದೇವೆ. ದೇವರ ಮುಂದೆ ನಮಸ್ಕಾರಕ್ಕೆ ಬಗ್ಗಿದವರು ಏಳುವಾಗ ಗೋಡೆಯನ್ನು ಹಿಡಿದುಕೊಂಡು ‘ಅಮ್ಮಾ’ ಎಂದು ಉಸಿರು ಬಿಡುವುದನ್ನೂ ಕೇಳಿದ್ದೇವೆ. ಏನಾಯಿತೆಂದು ವಿಚಾರಿಸಿದರೆ, ‘ಮಂಡಿನೋವು, ವಯಸ್ಸಾಯಿತಲ್ಲ’ ಎಂಬ ಒಂದೇ ಉತ್ತರ. ತಲೆ ನರೆಯುವಂತೆ ಮಂಡಿಯೂ ನೋಯತಕ್ಕದ್ದೇ ಎಂದು ಜನರು ಒಪ್ಪಿಕೊಂಡುಬಿಟ್ಟಂತಿದೆ.

ಪರಿಹಾರವನ್ನು ಹೇಳುವವರಿಗಂತೂ ನಮ್ಮಲ್ಲಿ ಕೊರತೆಯಿಲ್ಲ. ಆ ಪರಿಹಾರಗಳಲ್ಲೆಲ್ಲಾ ಹೆಚ್ಚು ಪ್ರಚಾರವಾಗಿರುವುದು, ‘ಮಂಡಿ ಸವೆದಿದೆ, ನಡೆದರೆ ಇನ್ನಷ್ಟು ಸವೆಯುತ್ತದೆ, ಕಾಲಿಗೆ ವಿಶ್ರಾಂತಿ ಕೊಡಿ’ ಎಂಬುದು. ನಮ್ಮ ಸೋದರತ್ತೆಯವರಿಗೆ ನಾವೂ ಈ ಮಾತನ್ನೇ ಹೇಳಿದೆವು. ದಿನವೂ ದೇವಸ್ಥಾನಕ್ಕೆ ನಡೆದು ಹೋಗಿ ಬರುತ್ತಿದ್ದ ಅವರು ನಮ್ಮ ಮಾತನ್ನು ಮನ್ನಿಸಿ ಹಜಾರದ ಕುರ್ಚಿಯಲ್ಲಿ ಕುಳಿತರು. ಒಂದು ವರ್ಷ ಕಳೆಯುವಷ್ಟರಲ್ಲಿ ಅವರ ತೊಡೆ ಸೊರಗಿತು, ಮೈ ಭಾರವಾಯಿತು. ನೋವು ಮಾತ್ರ ಕಡಮೆಯಾಗಲಿಲ್ಲ. ಹಜಾರದಿಂದ ಹಿತ್ತಲಿಗೆ ಹೋಗುವುದೇ ಒಂದು ಪ್ರಯಾಣವಾಯಿತು. ಪ್ರೀತಿಯಿಂದ ಹೇಳಿದ ಮಾತು ಹೀಗೇಕೆ ಕೆಡುಕನ್ನು ಮಾಡಿತು, ಆ ಮಾತು ಹುಟ್ಟಿದುದಾದರೂ ಎಲ್ಲಿ, ಎಂದು ಹುಡುಕಿಕೊಂಡು ಹೋದಾಗ ನಮಗೆ ತಿಳಿದುಬಂದ ಚರಿತ್ರೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡುತ್ತೇವೆ.

ಮೊದಲು ಮಂಡಿಯ ರಚನೆಯನ್ನು ಸ್ವಲ್ಪ ನೋಡೋಣ. ತೊಡೆಯ ಮೂಳೆಯ ಕೆಳತುದಿ, ಮುಂಗಾಲಿನ ಮೂಳೆಯ ಮೇಲ್ತುದಿ, ಮುಂಭಾಗದಲ್ಲಿ ಮಂಡಿಯ ಚಿಪ್ಪು, ಈ ಮೂರೂ ಕೂಡಿ ಆದ ಕೀಲು ಇದು. ಮೂಳೆಗಳು ಒಂದನ್ನೊಂದು ತಾಗುವೆಡೆಯಲ್ಲಿ ಮೃದ್ವಸ್ಥಿಯೆಂಬ ಬೆಳ್ಳಗಿನ, ನುಣುಪಾದ ಹೊದಿಕೆಯುಂಟು. ಈ ಹೊದಿಕೆಗೆ ರಕ್ತನಾಳಗಳಿಲ್ಲ; ನರಗಳೂ ಇಲ್ಲ. ಹಾಗಾದರೆ ಇದಕ್ಕೆ ಆಹಾರವು ಒದಗುವುದು ಹೇಗೆ? ಕೀಲಿನ ಚೀಲದಲ್ಲಿರುವ ಲೋಳೆಯಂತಹ ದ್ರವದಿಂದ. ಹೆಜ್ಜೆಯೂರಿದಾಗ ಮೃದ್ವಸ್ಥಿಯು ಅದುಮಿಕೊಂಡು ದ್ರವವನ್ನು ಹೊರಕ್ಕೆ ಬಿಡುತ್ತದೆ. ಹೆಜ್ಜೆಯೆತ್ತಿದಾಗ ಹೊಸ ದ್ರವವನ್ನು ಹೀರಿಕೊಳ್ಳುತ್ತದೆ. ಹೀಗೆ ಚಲನೆಯೇ ಅದಕ್ಕೆ ಅನ್ನವನ್ನು ಉಣಿಸುವ ಕೈ.

ಆಸ್ಟಿಯೋ ಆರ್ಥ್ರೈಟಿಸ್ ಎಂದು ವೈದ್ಯರು ಕರೆಯುವ ರೋಗದಲ್ಲಿ ಈ ಮೃದ್ವಸ್ಥಿಯು ಒರಟಾಗಿ, ಬಿರುಕುಬಿಟ್ಟು, ತೆಳ್ಳಗಾಗುತ್ತದೆ. ಅದರ ಅಡಿಯ ಮೂಳೆಯು ಗಡುಸಾಗಿ ಅಂಚಿನಲ್ಲಿ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಕೀಲಿನ ಒಳಪೊರೆಯು ಆಗಾಗ ಊದಿಕೊಳ್ಳುತ್ತದೆ. ತೊಡೆಯ ಮಾಂಸಖಂಡಗಳು ಬಲಗುಂದುತ್ತವೆ. ಗಾಡಿಯ ಅಚ್ಚು ಸವೆದಂತೆ ಮಂಡಿಯೂ ಸವೆಯುತ್ತದೆಂಬ ಹೋಲಿಕೆಯು ಆದುದರಿಂದ ಅರ್ಧ ಮಾತ್ರ ನಿಜ. ಅಚ್ಚು ಜಡವಸ್ತು, ಉರುಳಿದಷ್ಟೂ ಸವೆಯುತ್ತದೆ. ಮಂಡಿಯು ಜೀವವುಳ್ಳ ಅಂಗ. ಉರುಳದೆ ಇದ್ದರೂ ಕೆಡುತ್ತದೆ.

ಈ ನೋವು ನಮ್ಮ ಪೂರ್ವಿಕರಿಗೆ ತಿಳಿಯದುದಲ್ಲ. ಚರಕಸಂಹಿತೆಯ ವಾತವ್ಯಾಧಿಚಿಕಿತ್ಸೆಯ ಅಧ್ಯಾಯದಲ್ಲಿ ಸಂಧಿಯನ್ನು ಹೊಕ್ಕ ವಾತದ ಲಕ್ಷಣವನ್ನು ಹೇಳುತ್ತಾ, ಅಂತಹ ಕೀಲನ್ನು ಮುಟ್ಟಿದರೆ ಗಾಳಿ ತುಂಬಿದ ತೊಗಲಿನ ಚೀಲವನ್ನು ಮುಟ್ಟಿದಂತಿರುತ್ತದೆಂದೂ, ಚಾಚುವಾಗಲೂ ಮಡಿಸುವಾಗಲೂ ನೋವುಂಟಾಗುತ್ತದೆಂದೂ ತಿಳಿಸಿದೆ. ಊದಿದ ಮಂಡಿಯನ್ನು ಕೈಯಿಂದ ಒತ್ತಿ ನೋಡಿದವರು ಮಾತ್ರ ಹೇಳಬಹುದಾದ ಮಾತು ಇದು. ಸುಶ್ರುತಸಂಹಿತೆಯು ನರಿಯ ತಲೆಯಂತೆ ದಪ್ಪನಾಗಿ ಊದಿ ಬಹಳವಾಗಿ ನೋಯುವ ಮಂಡಿಯನ್ನು ಕ್ರೋಷ್ಟುಕಶೀರ್ಷವೆಂಬ ಬೇರೆ ಹೆಸರಿನಿಂದಲೇ ಗುರುತಿಸಿದೆ. ಚಿಕಿತ್ಸೆಗೆ ಸುಶ್ರುತನು ಹೇಳಿದುದು ಎಣ್ಣೆ ತುಪ್ಪಗಳ ಸ್ನೇಹ, ಶಾಖದ ಪಟ್ಟು, ಕಟ್ಟು, ತಿಕ್ಕುವುದು, ತೀರ ಹಟದ ನೋವಿಗೆ ಸುಡಿಗೆ. ಲಕ್ಕಿ ಸೊಪ್ಪಿನ ಶಾಖ, ಬಿಸಿ ಹರಳೆಣ್ಣೆ, ಬಾಡಿಸಿದ ಎಕ್ಕದ ಎಲೆ, ಹುರಿದ ಉಪ್ಪಿನ ಗಂಟು ಇವೆಲ್ಲವೂ ಈ ಪರಂಪರೆಯ ಮನೆಮದ್ದುಗಳೇ. ಇವು ಸವೆದುದನ್ನು ಮರಳಿ ಬೆಳೆಸುತ್ತವೆಂದು ಹೇಳಲಾಗದು. ಆದರೆ ಶಾಖವು ಬಿಗಿದ ಮಾಂಸಖಂಡಗಳನ್ನು ಸಡಿಲಿಸಿ ಸ್ವಲ್ಪ ಹೊತ್ತು ನೆಮ್ಮದಿಯನ್ನು ಕೊಡುತ್ತದೆಂಬುದನ್ನು ಅನುಭವಿಸಿದವರು ಅಲ್ಲಗಳೆಯಲಾರರು.

ಯೂರೋಪಿನಲ್ಲಿ ಬಹುಕಾಲದ ವರೆಗೆ ಕೀಲಿನ ನೋವುಗಳೆಲ್ಲವನ್ನೂ ಗೌಟ್, ರೂಮಾಟಿಸಂ ಎಂಬ ಒಂದೆರಡು ಹೆಸರುಗಳಲ್ಲಿಯೇ ಕಟ್ಟಿಹಾಕುತ್ತಿದ್ದರು. ೧೭೪೩ರಲ್ಲಿ ವಿಲಿಯಂ ಹಂಟರ್ ಎಂಬ ಅಂಗರಚನಾಶಾಸ್ತ್ರಜ್ಞನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಮೃದ್ವಸ್ಥಿಯ ರಚನೆಯನ್ನೂ ರೋಗಗಳನ್ನೂ ಕುರಿತು ಲೇಖನವೊಂದನ್ನು ಪ್ರಕಟಿಸಿ, ಒಮ್ಮೆ ನಾಶವಾದ ಮೃದ್ವಸ್ಥಿಯು ಮರಳಿ ಬರುವುದಿಲ್ಲವೆಂದು ಸ್ಪಷ್ಟವಾಗಿ ಸಾರಿದನು. ಮುಂದಿನ ಎರಡೂ ಮುಕ್ಕಾಲು ಶತಮಾನಗಳ ಚಿಕಿತ್ಸೆಯ ಕಥೆಯೆಲ್ಲವೂ ಈ ಒಂದು ಮಾತಿನೊಡನೆ ನಡೆದ ವಾಗ್ವಾದವೆಂದರೆ ಸಲ್ಲುತ್ತದೆ. ವಿಲಿಯಂ ಹೆಬರ್ಡನ್ ಎಂಬ ವೈದ್ಯನ ಗ್ರಂಥವು ಅವನ ಮರಣಾನಂತರ ೧೮೦೨ರಲ್ಲಿ ಹೊರಬಿದ್ದಿತು. ಅದರಲ್ಲಿ ಅವನು ಬೆರಳ ತುದಿಯ ಗಂಟುಗಳನ್ನು ವರ್ಣಿಸಿ, ಇವಕ್ಕೂ ಗೌಟಿಗೂ ಸಂಬಂಧವಿಲ್ಲವೆಂದು ತೋರಿಸಿದ್ದನು. ರೋಗಗಳು ಬೇರೆ ಬೇರೆಯೆಂಬ ತಿಳಿವಳಿಕೆಯು ಹೀಗೆ ನಿಧಾನವಾಗಿ ಮೂಡಿತು.

ಆದರೆ ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯರಿಗೆ ಮಂಡಿಯೆಂದ ಕೂಡಲೆ ನೆನಪಾಗುತ್ತಿದ್ದುದು ಮುದುಕರ ಸವೆತವಲ್ಲ. ಮಕ್ಕಳನ್ನೂ ತರುಣರನ್ನೂ ಹಿಡಿಯುತ್ತಿದ್ದ ಕೀಲಿನ ಕ್ಷಯ. ಮಂಡಿಯು ಬಿಳಿಚಿಕೊಂಡು ಊದಿ, ಕೀವಾಗಿ, ಕಡೆಗೆ ಕಾಲನ್ನೋ ಪ್ರಾಣವನ್ನೋ ತೆಗೆದುಕೊಳ್ಳುತ್ತಿದ್ದ ಭಯಂಕರ ರೋಗವದು. ಕ್ಷಯಕ್ಕೆ ಔಷಧವಿಲ್ಲದ ಆ ಕಾಲದಲ್ಲಿ ಕೀಲನ್ನು ಅಲುಗಾಡದಂತೆ ಕಟ್ಟಿಡುವುದೇ ಇದ್ದುದರಲ್ಲಿ ಒಳ್ಳೆಯ ಉಪಾಯವಾಗಿದ್ದಿತು. ಲಂಡನ್ನಿನ ಜಾನ್ ಹಿಲ್ಟನ್ನನು ೧೮೬೩ರಲ್ಲಿ ವಿಶ್ರಾಂತಿಯ ಮಹಿಮೆಯನ್ನು ಕುರಿತ ತನ್ನ ಉಪನ್ಯಾಸಗಳನ್ನು ಗ್ರಂಥರೂಪಕ್ಕೆ ತಂದನು. ಲಿವರ್‌ಪೂಲಿನ ಹ್ಯೂ ಓವನ್ ತಾಮಸ್ ಎಂಬಾತನು ತಲೆತಲಾಂತರದಿಂದ ಮೂಳೆ ಕಟ್ಟುತ್ತಿದ್ದ ನಾಟಿವೈದ್ಯರ ಮನೆತನದವನು. ಅವನು ೧೮೭೫ರಲ್ಲಿ ಸೊಂಟ, ಮಂಡಿ, ಹರಡುಗಳ ರೋಗಗಳ ಮೇಲೆ ಪುಸ್ತಕವನ್ನು ಬರೆದು, ಬಲವಂತವಾಗಿ, ಎಡೆಬಿಡದೆ, ದೀರ್ಘಕಾಲ ಕೊಡುವ ವಿಶ್ರಾಂತಿಯೇ ಚಿಕಿತ್ಸೆಯೆಂದು ಬೋಧಿಸಿದನು. ಅವನ ಹೆಸರಿನ ಕಬ್ಬಿಣದ ಕಾಲುಕಟ್ಟು ಜಗತ್ಪ್ರಸಿದ್ಧವಾಯಿತು.

ನಾವು ಸೋದರತ್ತೆಯವರಿಗೆ ಹೇಳಿದ ಮಾತಿನ ಒಂದು ಬೇರು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಕ್ಷಯದ ಕೀಲಿಗೆ ಸರಿಯಾಗಿದ್ದ ನಿಯಮವನ್ನು ಸವೆತದ ಕೀಲಿಗೂ ಹೊದಿಸಲಾಯಿತು. ರೋಗ ಬೇರೆ, ಮಂಡಿ ಮಾತ್ರ ಒಂದೇ. ನೋಯುವ ಕೀಲನ್ನು ಅಲುಗಿಸಬಾರದೆಂಬ ಸಾಮಾನ್ಯರ ಬುದ್ಧಿಯೂ ಇದಕ್ಕೆ ಜೊತೆಗೂಡಿತು. ಹೀಗೆ ಒಂದು ಕಾಲದ ವಿವೇಕವು ಇನ್ನೊಂದು ಕಾಲದ ಮೂಢನಂಬಿಕೆಯಾಗಿ ಉಳಿಯಿತು.

ಮುಂದೆ ಔಷಧಗಳ ಕಥೆ. ೧೭೬೩ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿಯು ವಿಲ್ಲೋ ಮರದ ತೊಗಟೆಯ ಪುಡಿಯಿಂದ ಜ್ವರವು ಇಳಿಯುವುದನ್ನು ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಆ ತೊಗಟೆಯ ಸಾರಕ್ಕೆ ಬಂಧುವಾದ ವಸ್ತುವನ್ನು ೧೮೯೭ರಲ್ಲಿ ಜರ್ಮನಿಯ ಬೇಯರ್ ಕಂಪೆನಿಯ ಫೆಲಿಕ್ಸ್ ಹಾಫ್‌ಮನ್ನನು ಶುದ್ಧರೂಪದಲ್ಲಿ ತಯಾರಿಸಿದನು. ೧೮೯೯ರಲ್ಲಿ ಅದು ಆಸ್ಪಿರಿನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಅದು ನೋವನ್ನು ಹೇಗೆ ತಗ್ಗಿಸುತ್ತದೆಂಬುದನ್ನು ಜಾನ್ ವೇನ್ ಕಂಡುಹಿಡಿದುದು ೧೯೭೧ರಲ್ಲಿ. ಉರಿಯೂತವನ್ನೂ ನೋವನ್ನೂ ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಹುಟ್ಟದಂತೆ ಅದು ತಡೆಯುತ್ತದೆ. ಆದರೆ ಹೊಟ್ಟೆಯ ಒಳಪೊರೆಯನ್ನು ಕಾಪಾಡುವವೂ ಅದೇ ಜಾತಿಯ ದ್ರವ್ಯಗಳೇ. ಆದುದರಿಂದ ಈ ವರ್ಗದ ಮಾತ್ರೆಗಳನ್ನು ಬಹುಕಾಲ ನುಂಗಿದವರಲ್ಲಿ ಕೆಲವರಿಗೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಗಳ ತೊಂದರೆ. ಹೊಟ್ಟೆಗೆ ಹಿತವಾದುದೆಂದು ೧೯೯೯ರಲ್ಲಿ ಬಂದ ವಯಾಕ್ಸ್ ಎಂಬ ಮಾತ್ರೆಯು ಹೃದಯಾಘಾತವನ್ನೂ ಪಾರ್ಶ್ವವಾಯುವನ್ನೂ ಹೆಚ್ಚಿಸುತ್ತದೆಂದು ತಿಳಿದು, ೨೦೦೪ರಲ್ಲಿ ಅದನ್ನು ಲೋಕದ ಮಾರುಕಟ್ಟೆಯಿಂದಲೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮಂಡಿಯ ಮಟ್ಟಿಗೆ ಇದೇ ವರ್ಗದ ಔಷಧವನ್ನು ಮುಲಾಮಾಗಿ ಮೇಲೆ ಹಚ್ಚುವುದೇ ಮೊದಲು ಮಾಡಿ ನೋಡತಕ್ಕ ಉಪಾಯವೆಂದು ಈಚಿನ ವೈದ್ಯರು ಒಪ್ಪುತ್ತಾರೆ. ರಕ್ತಕ್ಕೆ ಸೇರುವ ಔಷಧದ ಪ್ರಮಾಣವು ಅದರಿಂದ ಬಹಳ ಕಡಮೆ.

ಮಾತ್ರೆಯಿಂದ ಸೂಜಿಗೆ ಬರೋಣ. ೧೯೪೮ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಬೇರೊಂದು ಜಾತಿಯ ಸಂಧಿರೋಗವಾದ ರೂಮಟಾಯಿಡ್ ಆರ್ಥ್ರೈಟಿಸ್‌ಗೆ ಕಾರ್ಟಿಸೋನ್ ಔಷಧವನ್ನು ಕೊಟ್ಟರು. ಹಾಸಿಗೆ ಹಿಡಿದವರು ಎದ್ದು ನಡೆದರು; ೧೯೫೦ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಮರುವರ್ಷವೇ ಜೋಸೆಫ್ ಹೊಲಾಂಡರ್ ಎಂಬ ವೈದ್ಯನು ಅದೇ ಬಗೆಯ ಔಷಧವನ್ನು ನೇರವಾಗಿ ಕೀಲಿನೊಳಕ್ಕೆ ಚುಚ್ಚುವ ಪದ್ಧತಿಯನ್ನು ಪ್ರಕಟಿಸಿದನು. ಊದಿದ ಮಂಡಿಗೆ ಇದರಿಂದ ಕೆಲವು ವಾರಗಳ ಬಿಡುವು ಸಿಗುವುದುಂಟು. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷಗಳ ಕಾಲ ಇದನ್ನು ಚುಚ್ಚುತ್ತಾ ಬಂದು, ೧೪೦ ಮಂದಿಯಲ್ಲಿ ನಡೆಸಿದ ಪರೀಕ್ಷೆಯ ಫಲವು ೨೦೧೭ರಲ್ಲಿ ಪ್ರಕಟವಾದಾಗ, ಉಪ್ಪುನೀರನ್ನು ಚುಚ್ಚಿಸಿಕೊಂಡವರಿಗಿಂತ ನೋವೇನೂ ಕಡಮೆಯಾಗಿರಲಿಲ್ಲ. ಮೃದ್ವಸ್ಥಿಯು ಮಾತ್ರ ಹೆಚ್ಚಾಗಿ ತೆಳುವಾಗಿದ್ದಿತು. ಮೃದ್ವಸ್ಥಿಯನ್ನು ಬೆಳೆಸುವುವೆಂದು ಮಾರುವ ಗ್ಲೂಕೋಸಮೀನ್, ಕಾಂಡ್ರಾಯ್ಟಿನ್‌ಗಳ ಗತಿಯೂ ಇಷ್ಟೆ. ೨೦೦೬ರಲ್ಲಿ ಅಮೆರಿಕದಲ್ಲಿ ೧೫೮೩ ಮಂದಿಯನ್ನು ಪರೀಕ್ಷಿಸಿದಾಗ, ಒಟ್ಟು ರೋಗಿಗಳಲ್ಲಿ ಅವು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಹಂಟರನ ಮಾತು ಹಾಗೆಯೇ ನಿಂತಿತು.

ಈಗ ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಮುಖ್ಯವೆಂದು ತೋರುವ ಘಟನೆಗೆ ಬರುತ್ತೇವೆ. ೧೯೧೮ರಲ್ಲಿ ಟೋಕಿಯೋ ನಗರದ ಕೆಂಜಿ ಟಕಾಗಿ ಎಂಬ ವೈದ್ಯನು ಮೂತ್ರಕೋಶವನ್ನು ನೋಡುವ ನಳಿಕೆಯಿಂದ ಶವವೊಂದರ ಮಂಡಿಯ ಒಳಗನ್ನು ನೋಡಿದನು. ಅವನ ಶಿಷ್ಯನಾದ ಮಸಾಕಿ ವಟನಾಬೆಯು ಈ ಯಂತ್ರವನ್ನು ಪರಿಷ್ಕರಿಸಿ ಬಳಕೆಗೆ ತಂದನು. ಸಣ್ಣ ತೂತುಗಳ ಮೂಲಕ ಮಂಡಿಯೊಳಕ್ಕೆ ನಳಿಕೆಯನ್ನು ತೂರಿಸಿ, ಒಳಗನ್ನು ನೀರಿನಿಂದ ತೊಳೆದು, ಹರುಕುಮುರುಕುಗಳನ್ನು ಕೆರೆದು ತೆಗೆಯುವ ಶಸ್ತ್ರಕ್ರಿಯೆಯು ಇದರಿಂದ ಸುಲಭವಾಯಿತು. ಅಮೆರಿಕದಲ್ಲಿ ಪ್ರತಿವರ್ಷವೂ ಲಕ್ಷಾಂತರ ಮಂದಿ ಇದನ್ನು ಮಾಡಿಸಿಕೊಂಡರು. ಬಹುಮಂದಿ ಗುಣ ಕಂಡಿತೆಂದೂ ಹೇಳಿದರು.

ಟೆಕ್ಸಸ್ ಪ್ರಾಂತದ ಹ್ಯೂಸ್ಟನ್ನಿನಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯ ಶಸ್ತ್ರವೈದ್ಯರಾದ ಬ್ರೂಸ್ ಮೋಸ್ಲಿಯವರು ಈ ಗುಣವು ತೊಳೆದುದರಿಂದ ಬಂದಿತೋ, ಕೆರೆದುದರಿಂದ ಬಂದಿತೋ, ಅಥವಾ ಶಸ್ತ್ರಕ್ರಿಯೆಯಾಯಿತೆಂಬ ನಂಬಿಕೆಯಿಂದಲೇ ಬಂದಿತೋ, ನೋಡಿಯೇ ಬಿಡಬೇಕೆಂದು ಹೊರಟರು. ೧೮೦ ಮಂದಿ ರೋಗಿಗಳು ಒಪ್ಪಿದರು. ತಮಗೆ ಹುಸಿ ಶಸ್ತ್ರಕ್ರಿಯೆಯೇ ಆಗಬಹುದೆಂದು ಬಲ್ಲೆವೆಂಬುದನ್ನು ಪ್ರತಿಯೊಬ್ಬರೂ ಸ್ವಹಸ್ತದಿಂದ ಬರೆದುಕೊಟ್ಟರು. ರೋಗಿಯು ಮೇಜಿನ ಮೇಲೆ ಮಲಗಿದ ಮೇಲೆ ಲಕೋಟೆಯೊಂದನ್ನು ಒಡೆಯುವರು. ಅದರಲ್ಲಿ ಬರೆದಂತೆ ಕೆಲವರಿಗೆ ತೊಳೆಯುವರು, ಕೆಲವರಿಗೆ ತೊಳೆದು ಕೆರೆಯುವರು, ಉಳಿದವರಿಗೆ ಚರ್ಮದ ಮೇಲೆ ಮೂರು ಸಣ್ಣ ಗಾಯಗಳನ್ನು ಮಾಡಿ, ನೀರು ಚೆಲ್ಲಿದ ಸದ್ದನ್ನೂ ಕೇಳಿಸಿ, ಹೊಲಿದು ಕಳುಹಿಸುವರು. ಎರಡು ವರ್ಷಗಳ ಕಾಲ ವಿಚಾರಿಸುತ್ತಾ ಬಂದರು. ೨೦೦೨ರಲ್ಲಿ ಫಲವು ಪ್ರಕಟವಾಯಿತು. ಯಾವ ಹಂತದಲ್ಲಿಯೂ ನಿಜವಾದ ಶಸ್ತ್ರಕ್ರಿಯೆಯಾದವರು ಹುಸಿಯಾದವರಿಗಿಂತ ಕಡಮೆ ನೋವನ್ನು ಹೇಳಲಿಲ್ಲ.

ಇದರಿಂದ ರೋಗಿಗಳು ಸುಳ್ಳು ಹೇಳಿದರೆಂದಾಗಲಿ, ವೈದ್ಯರು ಮೋಸಗಾರರೆಂದಾಗಲಿ ಅರ್ಥವಲ್ಲ. ಮಂಡಿನೋವು ಏರಿಳಿಯುವ ಸ್ವಭಾವದ್ದು. ನೋವು ಶಿಖರಕ್ಕೇರಿದಾಗ ವೈದ್ಯನಲ್ಲಿಗೆ ಹೋಗುತ್ತೇವೆ. ಆಮೇಲೆ ಅದು ತಾನಾಗಿಯೇ ಇಳಿದರೂ ಕೀರ್ತಿಯು ಆಗ ಮಾಡಿದ ಚಿಕಿತ್ಸೆಗೆ ಸಲ್ಲುತ್ತದೆ. ಭರವಸೆಗೂ ನೋವನ್ನು ತಗ್ಗಿಸುವ ಶಕ್ತಿಯುಂಟು. ಈ ಎರಡನ್ನೂ ಕಳೆದು ಉಳಿಯುವುದೇ ಚಿಕಿತ್ಸೆಯ ನಿಜವಾದ ಬೆಲೆ. ಇದನ್ನು ಅಳೆಯಲು ಕಲಿತುದೇ, ನಮ್ಮ ಅಭಿಪ್ರಾಯದಲ್ಲಿ, ಯಾವ ಹೊಸ ಔಷಧಕ್ಕಿಂತಲೂ ದೊಡ್ಡ ಮುನ್ನಡೆ.

ಇದೇ ತಕ್ಕಡಿಯಲ್ಲಿ ಚಲನೆಯನ್ನು ತೂಗಿದಾಗ ಆದುದೇನು? ೧೯೭೦ರ ದಶಕದಲ್ಲಿ ಕೆನಡಾ ದೇಶದ ರಾಬರ್ಟ್ ಸಾಲ್ಟರ್ ಮೊಲಗಳ ಮಂಡಿಯ ಮೃದ್ವಸ್ಥಿಯಲ್ಲಿ ಗಾಯಗಳನ್ನು ಮಾಡಿ, ಕೆಲವನ್ನು ಕಟ್ಟಿಟ್ಟರು; ಕೆಲವನ್ನು ಸದಾ ಆಡಿಸುತ್ತಿದ್ದರು. ಆಡಿಸಿದ ಕೀಲುಗಳೇ ಚೆನ್ನಾಗಿ ಮಾಯ್ದವು. ಮನುಷ್ಯರಲ್ಲಿ ನಡೆದ ಅನೇಕ ಪರೀಕ್ಷೆಗಳಲ್ಲಿಯೂ ಕ್ರಮವಾದ ವ್ಯಾಯಾಮದಿಂದ ನೋವು ತಗ್ಗಿ ಓಡಾಟವು ಸುಧಾರಿಸುವುದು ಕಂಡಿತು. ೨೦೨೦ರಲ್ಲಿ ಪ್ರಕಟವಾದ, ೧೫೬ ಮಂದಿಯ ಪರೀಕ್ಷೆಯೊಂದರಲ್ಲಿ ಒಂದು ವರ್ಷದ ತರುವಾಯ ನೋಡಿದಾಗ, ಸ್ಟೀರಾಯ್ಡ್ ಚುಚ್ಚುಮದ್ದನ್ನು ಪಡೆದವರಿಗಿಂತ ಅಂಗಮರ್ದನ ವ್ಯಾಯಾಮಗಳ ಚಿಕಿತ್ಸೆಯನ್ನು ಪಡೆದವರೇ ಸುಖವಾಗಿದ್ದರು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ಹೊರಡಿಸುವ ನೈಸ್ ಎಂಬ ಸಂಸ್ಥೆಯು ೨೦೨೨ರಲ್ಲಿ, ವಯಸ್ಸನ್ನೂ ನೋವಿನ ತೀವ್ರತೆಯನ್ನೂ ಲೆಕ್ಕಿಸದೆ ಈ ರೋಗದವರೆಲ್ಲರಿಗೂ ತಕ್ಕ ವ್ಯಾಯಾಮವನ್ನು ಹೇಳಿಕೊಡಬೇಕೆಂದು ವಿಧಿಸಿತು.

ಮೈಯ ತೂಕವೂ ಇದರ ಜೊತೆಗೇ ಸೇರಿದ ವಿಷಯ. ತೂಕವು ಒಂದು ಕಿಲೋಗ್ರಾಂ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಮೇಲಿನ ಭಾರವು ಸುಮಾರು ನಾಲ್ಕು ಕಿಲೋಗ್ರಾಂ ಇಳಿಯುತ್ತದೆಂದು ೨೦೦೫ರಲ್ಲಿ ಲೆಕ್ಕಹಾಕಿದರು. ಅಮೆರಿಕದ ಫ್ರಾಮಿಂಗ್‌ಹ್ಯಾಂ ಎಂಬ ಊರಿನ ನಿವಾಸಿಗಳನ್ನು ಬಹುಕಾಲ ಗಮನಿಸಿದವರು ೧೯೯೨ರಲ್ಲಿ, ಹತ್ತು ವರ್ಷಗಳಲ್ಲಿ ಐದು ಕಿಲೋಗ್ರಾಂನಷ್ಟು ತೂಕ ಇಳಿದ ಹೆಂಗಸರಿಗೆ ಈ ರೋಗದ ಸಂಭವವು ಅರ್ಧಕ್ಕಿಳಿದಿತ್ತೆಂದು ತಿಳಿಸಿದರು. ೨೦೨೪ರಲ್ಲಿ, ಬೊಜ್ಜಿನೊಡನೆ ಮಂಡಿನೋವೂ ಇದ್ದವರಿಗೆ ಹಸಿವನ್ನು ತಗ್ಗಿಸುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದನ್ನು ಕೊಟ್ಟು ನೋಡಿದಾಗ, ತೂಕದೊಡನೆ ನೋವೂ ಗಣನೀಯವಾಗಿ ಇಳಿಯಿತು.

ಇಷ್ಟರಿಂದಲೂ ಸಾಲದೆ ಹೋದವರಿಗೆ ಕೊನೆಯ ಉಪಾಯವಾಗಿ ಲೋಹದ ಕೀಲು ಇದೆ. ೧೮೯೦ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲೀಸ್ ಗ್ಲೂಕ್ ಎಂಬ ಶಸ್ತ್ರವೈದ್ಯನು ಕ್ಷಯದಿಂದ ಕೆಟ್ಟ ಮಂಡಿಗೆ ಆನೆಯ ದಂತದ ಕೀಲನ್ನು ಕೂಡಿಸಿದನು. ಸೋಂಕಿನಿಂದ ಆ ಪ್ರಯತ್ನವು ಕೆಟ್ಟಿತು. ಕಲ್ಪನೆಯು ಮಾತ್ರ ಉಳಿಯಿತು. ೧೯೬೨ರಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿಯವರು ಸೊಂಟದ ಕೀಲಿಗೆ ಉಕ್ಕಿನ ಗುಂಡು, ಪಾಲಿಎಥಿಲೀನಿನ ಬಟ್ಟಲು, ಅಕ್ರಿಲಿಕ್ ಸಿಮೆಂಟು ಇವುಗಳಿಂದ ಬಾಳುವ ಮಾರ್ಗವನ್ನು ತೋರಿಸಿದರು. ಅಲ್ಲಿ ಕೆಲಸ ಮಾಡಿದ ಕೆನಡಾದ ಫ್ರಾಂಕ್ ಗನ್ಸ್‌ಟನ್ ಆ ದಶಕದ ಕೊನೆಯಲ್ಲಿ ಅದನ್ನೇ ಮಂಡಿಗೆ ಹೊಂದಿಸಿದರು. ೧೯೭೪ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಪೀಟರ್ ವಾಕರ್ ಇವರೊಡನೆ ಭಾರತದಲ್ಲಿ ಹುಟ್ಟಿ ಇಂದೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ಚಿತ್ತರಂಜನ್ ರಾಣಾವತ್ ಕೂಡಿ ರೂಪಿಸಿದ ಕೀಲೇ ಈಗಿನ ಬಹುಪಾಲು ಮಂಡಿಕೀಲುಗಳ ಮೂಲಪುರುಷ. ಪ್ರಧಾನಿಯಾಗಿದ್ದ ಅಟಲ ಬಿಹಾರಿ ವಾಜಪೇಯಿಯವರಿಗೆ ೨೦೦೦ದಲ್ಲಿ ಒಂದು ಮಂಡಿಯನ್ನೂ ೨೦೦೧ರಲ್ಲಿ ಇನ್ನೊಂದನ್ನೂ ಮುಂಬಯಿಯಲ್ಲಿ ಬದಲಿಸಿದವರೂ ರಾಣಾವತ್ ಅವರೇ. ಭಾರತ ಸರ್ಕಾರವು ೨೦೧೭ರಲ್ಲಿ ಮಂಡಿಕೀಲುಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿ, ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ೫೪,೭೨೦ ರೂಪಾಯಿಗಳನ್ನು ವಿಧಿಸಿತು.

ಈ ಶಸ್ತ್ರಕ್ರಿಯೆಯೂ ಪರೀಕ್ಷೆಗೆ ಒಳಗಾಗಿದೆ. ಡೆನ್ಮಾರ್ಕಿನಲ್ಲಿ ೧೦೦ ಮಂದಿಯಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೀಲನ್ನು ಬದಲಿಸಿಕೊಂಡು ವ್ಯಾಯಾಮವನ್ನೂ ಮಾಡಿದವರಿಗೆ, ವ್ಯಾಯಾಮ, ಪಥ್ಯ ಮುಂತಾದುವನ್ನು ಮಾತ್ರ ನಡೆಸಿದವರಿಗಿಂತ ಹೆಚ್ಚು ಗುಣ ಕಂಡಿತು. ಗಂಭೀರವಾದ ತೊಡಕುಗಳೂ ಅವರಿಗೇ ಹೆಚ್ಚಾದವು. ಶಸ್ತ್ರಕ್ರಿಯೆಯಿಲ್ಲದ ಗುಂಪಿನ ೫೦ ಮಂದಿಯಲ್ಲಿ ಆ ವರ್ಷದಲ್ಲಿ ಅದನ್ನು ಬೇಡಿ ಪಡೆದವರು ೧೩ ಮಂದಿ ಮಾತ್ರ. ಆದುದರಿಂದ ಲೋಹದ ಕೀಲು ಅಂಜಬೇಕಾದ ಭೂತವೂ ಅಲ್ಲ, ಮೊದಲ ದಿನವೇ ಓಡಿಹೋಗಿ ತರತಕ್ಕ ಸರಕೂ ಅಲ್ಲ. ನಿದ್ರೆ ಕೆಡಿಸುವ ನೋವು, ಮನೆಯ ಹೊಸ್ತಿಲನ್ನು ದಾಟಲಾಗದ ಸ್ಥಿತಿ, ಉಳಿದುದನ್ನೆಲ್ಲಾ ಶ್ರದ್ಧೆಯಿಂದ ಮಾಡಿ ಸೋತ ಅನುಭವ, ಇವು ಕೂಡಿದಾಗ ಅದಕ್ಕೆ ಕಾಲ ಬಂದಿತೆಂದು ತಿಳಿಯಬಹುದು.

ನಮ್ಮ ಜೀವನಕ್ರಮದ ಬಗ್ಗೆಯೂ ಒಂದು ಮಾತು. ಕುಕ್ಕರುಗಾಲಿನಲ್ಲಿ ಕೂರುವ ಅಭ್ಯಾಸವುಳ್ಳ ಚೀನದ ಬೀಜಿಂಗಿನ ವೃದ್ಧೆಯರಲ್ಲಿ, ಫ್ರಾಮಿಂಗ್‌ಹ್ಯಾಮಿನ ವೃದ್ಧೆಯರಿಗಿಂತ ಮಂಡಿಯ ಸವೆತವು ಹೆಚ್ಚೆಂದು ೨೦೦೧ರಲ್ಲಿ ಪ್ರಕಟವಾದ ಹೋಲಿಕೆಯು ತೋರಿಸಿತು. ನೋವುಳ್ಳವರು ಬಹಳ ಹೊತ್ತು ಕುಕ್ಕರಿಸುವುದನ್ನು ಬಿಟ್ಟು, ಎತ್ತರದ ಆಸನವನ್ನು ಬಳಸುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಕುಕ್ಕರಿಸುವುದನ್ನು ಬಿಡುವುದು ಬೇರೆ, ನಡೆಯುವುದನ್ನು ಬಿಡುವುದು ಬೇರೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಹತ್ತು ಎಣಿಸುವ ವರೆಗೆ ಹಿಡಿದು, ಮೆಲ್ಲನೆ ಇಳಿಸುವುದನ್ನು ದಿನವೂ ಮಾಡಿದರೆ ತೊಡೆಯ ಮಾಂಸಖಂಡವು ಬಲಿಯುತ್ತದೆ. ಊರುಗೋಲನ್ನು ನೋಯುವ ಕಾಲಿನ ಪಕ್ಕದ ಕೈಯಲ್ಲಲ್ಲ, ಎದುರು ಪಕ್ಕದ ಕೈಯಲ್ಲಿ ಹಿಡಿಯಬೇಕು. ಆರಂಭದಲ್ಲಿ ನೋವು ತುಸು ಹೆಚ್ಚಿದರೂ ಅದು ಕೆಡುಕಿನ ಗುರುತಲ್ಲ. ಮಂಡಿಯು ಕೆಂಪೇರಿ ಬಿಸಿಯಾದರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ನಮ್ಮ ಸೋದರತ್ತೆಯವರಿಗೆ ನಾವು ತಪ್ಪು ಹೇಳಿದೆವೆಂದು ಒಪ್ಪಿಕೊಂಡಾಗ ಅವರು ನಕ್ಕರು. ಕುರ್ಚಿಯ ವ್ಯಾಯಾಮದಿಂದ ತೊಡಗಿ, ಕೋಲು ಹಿಡಿದು, ಮೊದಲು ಅಂಗಳ, ಆಮೇಲೆ ಬೀದಿಯ ತಿರುವು, ಹೀಗೆ ಮುಂದುವರಿದರು. ದೇವಸ್ಥಾನದ ಮೆಟ್ಟಿಲುಗಳನ್ನು ಮತ್ತೆ ಏರಿದರೆಂದು ಹೇಳಿದರೆ ಸುಳ್ಳಾದೀತು. ಆದರೆ ಮೆಟ್ಟಿಲ ಬುಡದ ವರೆಗೆ ತಾವೇ ನಡೆದು ಹೋಗಿ, ಅಲ್ಲಿಂದಲೇ ಕೈಮುಗಿದು ಬರುತ್ತಿದ್ದರು. ಹಂಟರನು ಹೇಳಿದಂತೆ ಸವೆದುದು ಮರಳಿ ಬರಲಿಲ್ಲ. ನಡಿಗೆಯು ಮಾತ್ರ ಮರಳಿ ಬಂದಿತು. ನಮ್ಮ ಮನೆಗಳಲ್ಲಿ ಹಿರಿಯರೊಬ್ಬರು ಮಂಡಿಯನ್ನು ಹಿಡಿದುಕೊಂಡಾಗ ‘ಕುಳಿತಿರಿ’ ಎಂದು ಹೇಳುವುದಕ್ಕೆ ಮೊದಲು, ಅವರ ಕೈಗೊಂದು ಕೋಲನ್ನು ಕೊಟ್ಟು, ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯುವುದು ಮೇಲು.